ದೊಡ್ಡ ಪಿಟೀಲಿನ ಮೆಲುಮಾತು



ಕಳೆದ ಸಂಚಿಕೆಯಲ್ಲಿ ನಮ್ಮ ಚಾಳಿನ ಬೆಕ್ಕಿನ ಪುರಾಣವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧವನ್ನು ಈ ಬಾರಿ ಹೇಳುವುದಾಗಿ ಮಾತು ಕೊಟ್ಟಿದ್ದೆವು. ಬೆಕ್ಕು ಕಾಯಲಿ, ಅದಕ್ಕೆ ಬೇರೆ ಕೆಲಸವಿಲ್ಲ. ಈ ಮೂರು ತಿಂಗಳಲ್ಲಿ ನಮ್ಮ ಪಾಲಿಗೆ ಬಂದ ಒಂದು ಸಂಜೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇವೆ. ತಡಮಾಡಿದರೆ ಅದು ಹಳಸಿಹೋದೀತೆಂಬ ಭಯ.

ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಸಾಹೇಬರು ನಮ್ಮನ್ನು ಒಳಗೆ ಕರೆದರು. ಅವರು ಒಳಗೆ ಕರೆಯುವುದು ಯಾವುದಾದರೂ ಕಡತ ಸಿಕ್ಕದೆ ಹೋದಾಗ ಮಾತ್ರ. ಆದುದರಿಂದ ಮನಸ್ಸಿನಲ್ಲೇ ನಾಲ್ಕು ಕಪಾಟುಗಳನ್ನು ಹುಡುಕುತ್ತ ಹೋಗಿ ನಿಂತೆವು. ಕೈಗೆ ಬಂದದ್ದು ಮೆಮೋ ಅಲ್ಲ, ಎರಡು ಟಿಕೇಟು. ಮನೆಯಲ್ಲಿ ಮಗುವಿಗೆ ಜ್ವರವಾದ್ದರಿಂದ ತಾವು ಹೋಗುವಂತಿಲ್ಲ, ಸುಮ್ಮನೆ ಹಾಳಾಗುವುದೇಕೆ, ನೀವು ಸಂಸಾರಸಮೇತ ಹೋಗಿಬನ್ನಿ ಎಂದರು. ಪಾಶ್ಚಾತ್ಯ ಸಂಗೀತ ನಮಗೆ ತಿಳಿಯುವುದಿಲ್ಲವೆಂದು ಹೇಳಬೇಕೆಂದಿದ್ದೆವು. ಟಿಕೇಟಿನ ಮೇಲೆ ಅಚ್ಚಾಗಿದ್ದ ಬೆಲೆಯನ್ನು ನೋಡಿದ ಮೇಲೆ ಆ ಮಾತು ಹೊರಡಲಿಲ್ಲ.

ಹೀಗಾಗಿ ಶನಿವಾರ ನಾವೂ ನಮ್ಮ ಮನೆಯವರೂ ಡೊಂಬಿವಲಿಯಿಂದ ಲೋಕಲ್ ಹಿಡಿದು, ಹಳಬರು ಇನ್ನೂ ವಿ.ಟಿ. ಎನ್ನುವ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ನರೀಮನ್ ಪಾಯಿಂಟಿಗೆ ಹೋದೆವು. ಸಮುದ್ರದ ದಂಡೆಗೆ ಅಂಟಿಕೊಂಡಂತೆ ಜಮ್‌ಶೇಡ್ ಭಾಭಾ ರಂಗಮಂದಿರವಿದೆ. ೧೯೯೯ರಲ್ಲಿ ತೆರೆದದ್ದು. ಒಳಗಿನ ಮೆಟ್ಟಿಲುಗಳನ್ನು ನೋಡಿ ನಮ್ಮ ಮನೆಯವರು ಸೆರಗನ್ನು ಇನ್ನಷ್ಟು ಸರಿಮಾಡಿಕೊಂಡರು.

ನಾವು ಧಾರವಾಡದ ಕಡೆಯವರು. ಸಂಗೀತವೆಂದರೆ ತಂಬೂರಿ, ತಬಲಾ, ಪೇಟಿ. ಹಾಡುವವರು ಒಂದು ಸ್ವರವನ್ನು ಹಿಡಿದು ಊರೆಲ್ಲ ಸುತ್ತಿ ಮತ್ತೆ ಸಮಕ್ಕೆ ಬಂದು ಕೂತರೆಂದರೆ ತಲೆದೂಗಿ 'ವಾಹ್ವಾ' ಎನ್ನುವುದು ಕೇಳುವವರ ಹಕ್ಕು. ಇಲ್ಲಿ ಆ ಹಕ್ಕು ಇಲ್ಲ. ಪಕ್ಕದ ಕುರ್ಚಿಯಲ್ಲಿ ಒಬ್ಬ ವೃದ್ಧ ಪಾರ್ಸಿ ಮಹನೀಯರು ಕುಳಿತಿದ್ದರು. ನಮ್ಮ ಮುಖ ನೋಡಿದೊಡನೆಯೇ ಇವರು ಹೊಸಬರೆಂದು ತಿಳಿದರೆಂದು ಕಾಣುತ್ತದೆ. ಕೃತಿಯಲ್ಲಿ ಮೂರು ಭಾಗಗಳಿರುತ್ತವೆ, ಎರಡು ಸಲ ನಿಂತಂತೆ ಆಗುತ್ತದೆ, ಆಗ ಚಪ್ಪಾಳೆ ತಟ್ಟಬೇಡಿ, ಕೆಮ್ಮಬೇಕೆನಿಸಿದರೆ ಆಗಲೇ ಕೆಮ್ಮಿಬಿಡಿ ಎಂದು ಮೆಲ್ಲಗೆ ಹಿಂದಿಯಲ್ಲಿ ಹೇಳಿಕೊಟ್ಟರು. ನಿಜಕ್ಕೂ ಮೊದಲ ಭಾಗ ಮುಗಿದೊಡನೆ ಸಭೆಗೆ ಸಭೆಯೇ ಕೆಮ್ಮಿತು. ಇಷ್ಟೊಂದು ಕೆಮ್ಮನ್ನು ಇಷ್ಟು ಶಿಸ್ತಿನಿಂದ ಹಿಡಿದಿಟ್ಟುಕೊಂಡ ಜನರನ್ನು ನಾವು ಹಿಂದೆ ಕಂಡದ್ದಿಲ್ಲ.

ವೇದಿಕೆಯ ಮೇಲೆ ಎಪ್ಪತ್ತು ಎಂಬತ್ತು ಜನ. ಓಬೊ ಎಂಬ, ಶಹನಾಯಿಯ ದಾಯಾದಿಯಂತಿದ್ದ ಒಂದು ವಾದ್ಯ ಒಂದೇ ಸ್ವರವನ್ನು ಹಿಡಿದು ನಿಂತಿತು. ಉಳಿದವರೆಲ್ಲ ಅದಕ್ಕೆ ಶ್ರುತಿ ಮಾಡಿಕೊಂಡರು. ಅಷ್ಟರ ಮಟ್ಟಿಗೆ ನಮಗೆ ಧೈರ್ಯ ಬಂತು. ಶ್ರುತಿ ಎಲ್ಲ ಕಡೆಯೂ ಶ್ರುತಿಯೇ.

ಆ ದಿನದ ಕಾರ್ಯಕ್ರಮವೆಲ್ಲ ಹತ್ತೊಂಬತ್ತನೆಯ ಶತಮಾನದ್ದು. ಅಲ್ಲಿಯವರು ರೊಮ್ಯಾಂಟಿಕ್ ಎನ್ನುವ, ನಮ್ಮ ವಿಮರ್ಶಕರು ರಮ್ಯವೆಂದು ಕರೆಯುವ ಸಂಪ್ರದಾಯದ್ದು. ಹೃದಯಕ್ಕೆ ಮೊದಲ ಮಣೆ ಹಾಕಿದ ಕಾಲ. ಮೊದಲಿಗೆ ಮೆಂಡೆಲ್ಸನ್ ಎಂಬ ಜರ್ಮನ್ ಸಂಗೀತಕಾರರು ಸ್ಕಾಟ್ಲೆಂಡಿನ ಕಡಲನ್ನು ಕಂಡುಬಂದು ಬರೆದ ಹತ್ತು ನಿಮಿಷದ ಕೃತಿ. ಅಲೆ ಬಂದಂತಾಯಿತು, ಹೋದಂತಾಯಿತು. ಚೆನ್ನಾಗಿತ್ತು. ನಮಗೆ ಹೇಳಬೇಕಾದದ್ದಿರುವುದು ಎರಡನೆಯದರ ವಿಷಯ.

ಅದು ಚೆಲೊ ವಾದ್ಯಕ್ಕೂ ವಾದ್ಯವೃಂದಕ್ಕೂ ಕೂಡಿಸಿ ಬರೆದ ಕಾನ್ಸೆರ್ಟೊ. ಬರೆದವರು ಅಂತೊನಿನ್ ದ್ವೊರ್ಜಾಕ್. ಈ ಹೆಸರನ್ನು ಸರಿಯಾಗಿ ಉಚ್ಚರಿಸುವ ನಾಲಿಗೆ ಚೆಕ್ ಜನರಿಗೆ ಮಾತ್ರ ಉಂಟಂತೆ. ನಮ್ಮ 'ಳ'ಕಾರಕ್ಕೆ ಉತ್ತರದವರು ಪಡುವ ಪಾಡನ್ನು ನಾವು ದಿನವೂ ನೋಡುತ್ತಿರುವುದರಿಂದ ಈ ವಿಷಯದಲ್ಲಿ ನಾಚಿಕೆ ಪಡಲಿಲ್ಲ. ಚೆಲೊ ಪಿಟೀಲಿನ ಮನೆತನದ್ದೇ. ಆದರೆ ಭುಜಕ್ಕೆ ಆನಿಸುವಂಥದಲ್ಲ; ವಾದಕರು ಕುರ್ಚಿಯ ಮೇಲೆ ಕುಳಿತು, ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಕುದುರೆಯ ಕೂದಲಿನ ಕಮಾನಿನಿಂದ ನುಡಿಸತಕ್ಕದ್ದು. ತಂತಿ ನಾಲ್ಕು. ಕೆಳಗೆ ನೆಲಕ್ಕೆ ಊರಲು ಒಂದು ಮೊನಚಾದ ಕಡ್ಡಿ. ದನಿ ಮಾತ್ರ ಗಂಡಸಿನ ಕಂಠದಂತೆ. ಅದೂ ಕಚೇರಿಯ ಗಾಯಕರ ಕಂಠವಲ್ಲ, ಮನೆಯಲ್ಲಿ ಊಟವಾದ ಮೇಲೆ ಗೋಡೆಗೊರಗಿ ಹಾಡಿಕೊಳ್ಳುವ ಹಿರಿಯರ ಕಂಠ.

ಅಂದು ನುಡಿಸಿದವರು ಒಬ್ಬ ತರುಣ. ಬಂದರು, ನಮಸ್ಕರಿಸಿದರು, ಕುಳಿತರು. ಕುಳಿತೇ ಇದ್ದರು. ಸುತ್ತಲಿನವರೆಲ್ಲ ನುಡಿಸುತ್ತಿದ್ದಾರೆ. ಕ್ಲಾರಿಯೊನೆಟ್ಟು ಕೆಳಸ್ಥಾಯಿಯಲ್ಲಿ ಒಂದು ಚಿಂತೆಯ ಮಾತನ್ನೆತ್ತಿತು. ಅದನ್ನೇ ಎಲ್ಲರೂ ಕೂಡಿ ಜಗಳದಂತೆ ದೊಡ್ಡದು ಮಾಡಿದರು. ಆಮೇಲೆ ಸುರುಳಿ ಸುತ್ತಿದ ಹಿತ್ತಾಳೆಯ ಕೊಂಬೊಂದು ಒಂಟಿಯಾಗಿ ಎಷ್ಟು ಹಿತವಾದ ಧಾಟಿಯೊಂದನ್ನು ನುಡಿಯಿತೆಂದರೆ ಪಾರ್ಸಿ ಅಜ್ಜ ಕಣ್ಣು ಮುಚ್ಚಿಬಿಟ್ಟರು. ತರುಣ ಇನ್ನೂ ಸುಮ್ಮನೆ.

"ಯಾಕ್ರೀ, ಆ ಹುಡುಗ ಸುಮ್ಮನ ಕೂತಾನಲ್ಲ? ಬಾರಿಸೋದು ಯಾವಾಗ?" ಎಂದು ನಮ್ಮ ಮನೆಯವರು ಕಿವಿಯಲ್ಲಿ ಕೇಳಿದರು.

"ಕಡತ ಇನ್ನೂ ಅವನ ಮೇಜಿಗೆ ಬಂದಿಲ್ಲ" ಎಂದೆವು.

ಬಂದದ್ದು ಮೂರೂವರೆ ನಿಮಿಷದ ಮೇಲೆ. ಆ ಚಿಂತೆಯ ಮಾತನ್ನೇ ಚೆಲೊ ಮತ್ತೆ ಎತ್ತಿಕೊಂಡಿತು. ಆದರೆ ಈಗ ಅದು ಸಭೆಯ ಮಾತಾಗಿರಲಿಲ್ಲ, ಒಬ್ಬನ ಮಾತಾಗಿತ್ತು.

ಇಷ್ಟು ಜನರ ನಡುವೆ ಒಬ್ಬನ ಮಾತು ಕೇಳಿಸುವಂತೆ ಮಾಡುವುದು ಸುಲಭವಲ್ಲ. ನಮ್ಮ ಮೈಸೂರಿನ ಚೌಡಯ್ಯನವರು ಇದೇ ತೊಂದರೆಯಿಂದ ಪಿಟೀಲಿಗೆ ಏಳು ತಂತಿ ಹಾಕಿಸಿದರೆಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಸಂಗತಿ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಬೇಕಲ್ಲ. ದ್ವೊರ್ಜಾಕರಿಗೂ ಚೆಲೊದ ಮೇಲೆ ನಂಬಿಕೆ ಇರಲಿಲ್ಲ. ತಾರುಣ್ಯದಲ್ಲಿ, ೧೮೬೫ರಲ್ಲಿ, ಅದಕ್ಕೆ ಒಂದು ಕಾನ್ಸೆರ್ಟೊ ಬರೆಯಲು ಕೈಹಾಕಿ ವಾದ್ಯವೃಂದದ ಭಾಗವನ್ನು ಬರೆಯದೆಯೇ ಬಿಟ್ಟಿದ್ದರು. ಈ ವಾದ್ಯ ಮೇಲೆ ಹೋದರೆ ಮೂಗಿನಿಂದ ಹಾಡುತ್ತದೆ, ಕೆಳಗಿಳಿದರೆ ಗೊಣಗುತ್ತದೆ ಎಂಬುದು ಅವರ ದೂರು. ಗೆಳೆಯರಾದ ಹನುಶ್ ವಿಹಾನ್ ಎಂಬ ಹೆಸರಾಂತ ಚೆಲೊ ವಾದಕರು ತಮಗೊಂದು ಕಾನ್ಸೆರ್ಟೊ ಬೇಕೆಂದು ಕೇಳುತ್ತ ಬಂದರೂ ಅವರ ಮನಸ್ಸು ಒಲಿದಿರಲಿಲ್ಲ.

ಮನಸ್ಸು ತಿರುಗಿದ್ದು ನ್ಯೂಯಾರ್ಕಿನಲ್ಲಿ. ದ್ವೊರ್ಜಾಕರು ೧೮೪೧ರಲ್ಲಿ ಪ್ರಾಗ್ ನಗರದ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದವರು. ತಂದೆಗೆ ಕಸಾಯಿಖಾನೆಯ ಕೆಲಸ, ಜೊತೆಗೆ ಒಂದು ಛತ್ರ. ಮಗ ಪ್ರಾಗಿನ ರಂಗಮಂದಿರದ ವಾದ್ಯವೃಂದದಲ್ಲಿ ಸಣ್ಣ ಸಂಬಳಕ್ಕೆ ವಯೋಲ ನುಡಿಸಿ, ಮನೆಪಾಠ ಹೇಳಿ, ನಿಧಾನವಾಗಿ ಮೇಲೆ ಬಂದು ಲೋಕಪ್ರಸಿದ್ಧನಾದ. ೧೮೯೨ರಲ್ಲಿ ಜೀನೆಟ್ ಥರ್ಬರ್ ಎಂಬ ಶ್ರೀಮಂತ ಮಹಿಳೆ ನ್ಯೂಯಾರ್ಕಿನಲ್ಲಿ ತಾನು ನಡೆಸುತ್ತಿದ್ದ ಸಂಗೀತ ವಿದ್ಯಾಲಯಕ್ಕೆ ಅವರನ್ನು ನಿರ್ದೇಶಕರನ್ನಾಗಿ ಕರೆಸಿಕೊಂಡಳು. ವರುಷಕ್ಕೆ ೧೫,೦೦೦ ಡಾಲರ್ ಸಂಬಳ. ಪ್ರಾಗಿನಲ್ಲಿ ಸಿಗುತ್ತಿದ್ದುದರ ಹಲವು ಪಾಲು. ಮೇಲೆ ನಾಲ್ಕು ತಿಂಗಳ ರಜೆ! ಈ ಕರಾರನ್ನು ಓದಿ ನಾವು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕುಳಿತೆವು. ಆದರೆ ೧೮೯೩ರಲ್ಲಿ ಅಮೆರಿಕದಲ್ಲಿ ಹಣಕಾಸಿನ ಮುಗ್ಗಟ್ಟು ಬಂದು ಥರ್ಬರ್ ಮನೆತನಕ್ಕೂ ಪೆಟ್ಟು ತಗುಲಿತು. ದ್ವೊರ್ಜಾಕರ ಸಂಬಳ ತಿಂಗಳುಗಟ್ಟಲೆ ಬಾಕಿ ಬೀಳತೊಡಗಿತು. ಅಲ್ಲಿಗೆ ನಮ್ಮ ಹೊಟ್ಟೆಕಿಚ್ಚು ಅರ್ಧ ಇಳಿಯಿತು.

ಅಲ್ಲಿ ಅವರು ಬರೆದ 'ಹೊಸ ಲೋಕದಿಂದ' ಎಂಬ ಸಿಂಫನಿ ೧೮೯೩ರ ಡಿಸೆಂಬರಿನಲ್ಲಿ ಕಾರ್ನೆಗಿ ಹಾಲಿನಲ್ಲಿ ಜಯಭೇರಿ ಹೊಡೆಯಿತು. ಇಷ್ಟಾದರೂ ಮನುಷ್ಯನಿಗೆ ಊರಿನ ಹುಚ್ಚು ಬಿಡಲಿಲ್ಲ. ಅವರಿಗೆ ರೈಲುಗಾಡಿಗಳೆಂದರೆ ಚಿಕ್ಕಂದಿನಿಂದ ಪ್ರಾಣ. ನ್ಯೂಯಾರ್ಕಿನ ನಿಲ್ದಾಣದಲ್ಲಿ ಪ್ರಯಾಣಿಕರಲ್ಲದವರನ್ನು ಪ್ಲಾಟ್‌ಫಾರಮ್ಮಿಗೆ ಬಿಡುತ್ತಿರಲಿಲ್ಲವಂತೆ; ನಮ್ಮಲ್ಲಿನ ಪ್ಲಾಟ್‌ಫಾರಂ ಟಿಕೇಟು ಎಂಥ ದಯಾಮಯವಾದ ಏರ್ಪಾಡೆಂಬುದು ಇದನ್ನು ಓದಿದಾಗ ನಮಗೆ ಹೊಳೆಯಿತು. ಗಾಡಿ ನೋಡಲು ಊರಾಚೆ ಅಷ್ಟು ದೂರ ಹೋಗುವುದು ಕಷ್ಟವಾಗಿ, ಆತ ಬಂದರಿಗೆ ಹೋಗಿ ಹಡಗುಗಳನ್ನು ನೋಡತೊಡಗಿದರು. ಯಾವ ಹಡಗು ಎಂದು ಹೊರಡುತ್ತದೆ, ಅದರ ಕಪ್ತಾನ ಯಾರು, ಎಲ್ಲವೂ ಬಾಯಿಪಾಠ. ದಾದರ ನಿಲ್ದಾಣದಲ್ಲಿ ಊರಿನ ಕಡೆಯ ಗಾಡಿ ಬಂದು ನಿಂತಾಗ, ಹತ್ತುವ ಕೆಲಸವಿಲ್ಲದಿದ್ದರೂ ಡಬ್ಬಿಯ ಮೇಲಿನ ಕನ್ನಡದ ಫಲಕವನ್ನೊಮ್ಮೆ ಓದಿ ಮುಂದೆ ಹೋಗುವ ಜನ ನಮ್ಮ ಸಂಘದಲ್ಲೇ ಎಷ್ಟಿಲ್ಲ?

ಚೆಲೊದ ಮಾತಿಗೆ ಬರೋಣ. ಅದೇ ವಿದ್ಯಾಲಯದಲ್ಲಿ ವಿಕ್ಟರ್ ಹರ್ಬರ್ಟ್ ಎಂಬೊಬ್ಬರು ಚೆಲೊ ಕಲಿಸುತ್ತಿದ್ದರು. ಅವರು ೧೮೯೪ರ ಮಾರ್ಚಿನಲ್ಲಿ ತಮ್ಮದೇ ಎರಡನೆಯ ಚೆಲೊ ಕಾನ್ಸೆರ್ಟೊವನ್ನು ನುಡಿಸಿದಾಗ ದ್ವೊರ್ಜಾಕರು ಸಭೆಯಲ್ಲಿದ್ದರು. ಟ್ರೊಂಬೋನಿನಂಥ ಭಾರಿ ತುತ್ತೂರಿಗಳಿದ್ದರೂ ಚೆಲೊ ಮುಳುಗಲಿಲ್ಲ. ಆಯಿತಲ್ಲ, ಇದು ಸಾಧ್ಯವೆಂದಾಯಿತು! ಅದೇ ನವೆಂಬರ್ ೮ರಂದು ತಮ್ಮದನ್ನು ಆರಂಭಿಸಿದರು. ನಾವು ಕೇಳುತ್ತ ಗಮನಿಸಿದ್ದೇನೆಂದರೆ, ಚೆಲೊ ಮಾತಾಡುವಾಗ ಉಳಿದವರು ಸುಮ್ಮನಿರುವುದಿಲ್ಲ. ಆದರೆ ಒಂದು ಕೊಳಲೋ ಒಂದು ಓಬೊವೋ ಮಾತ್ರ ಹತ್ತಿರ ಬಂದು ಹೂಂಗುಟ್ಟುತ್ತದೆ. ಪಿಟೀಲುಗಳು ಬೆರಳಿನಿಂದ ಮೀಟುತ್ತವೆ. ಎಲ್ಲರೂ ಒಟ್ಟಿಗೆ ಗರ್ಜಿಸಬೇಕಾದಾಗ ಚೆಲೊಗೆ ವಿಶ್ರಾಂತಿ. ಇದು ಏಳು ತಂತಿಯ ಉಪಾಯವಲ್ಲ, ಹಿರಿಯರು ಮಾತಾಡುವಾಗ ಮನೆಯವರು ದನಿ ತಗ್ಗಿಸುವ ಉಪಾಯ.

ಈಗ ಯೊಸೆಫೀನಾಳ ವಿಷಯ ಹೇಳಬೇಕು. ಈಕೆ ದ್ವೊರ್ಜಾಕರ ಹೆಂಡತಿ ಆನ್ನಾಳ ಅಕ್ಕ. ಇಂಗ್ಲಿಷಿನ ಪುಸ್ತಕ ಒಂದೇ ಮಾತಿನಲ್ಲಿ ಸಿಸ್ಟರ್-ಇನ್-ಲಾ ಎಂದು ಮುಗಿಸಿತ್ತು. ಹೆಂಡತಿಯ ಅಕ್ಕನೋ ತಂಗಿಯೋ, ಅಣ್ಣನ ಹೆಂಡತಿಯೋ ಎಂದು ನಾಲ್ಕು ಪುಟ ಹಿಂದಕ್ಕೆ ತಿರುವಿ ನೋಡಬೇಕಾಯಿತು. ದ್ವೊರ್ಜಾಕರು ಇಪ್ಪತ್ತರ ಹರೆಯದಲ್ಲಿ ಈ ಅಕ್ಕತಂಗಿಯರಿಗೆ ಪಿಯಾನೊ ಪಾಠ ಹೇಳುತ್ತಿದ್ದರು. ಮನಸ್ಸು ಕೊಟ್ಟದ್ದು ಅಕ್ಕನಿಗೆ. ಆಕೆ ರಂಗನಟಿ, ಬಡ ವಯೋಲಗಾರನನ್ನು ಒಪ್ಪಲಿಲ್ಲ. ಆ ದುಃಖದಲ್ಲಿ ೧೮೬೫ರಲ್ಲಿ ಒಂದು ಗೊಂಚಲು ಹಾಡು ಕಟ್ಟಿದರು. ೧೮೭೩ರಲ್ಲಿ ತಂಗಿಯನ್ನು ಮದುವೆಯಾದರು. ಅಕ್ಕ ಕೌನಿತ್ಸ್ ಮನೆತನದ ಒಬ್ಬ ಕೌಂಟನ ಕೈಹಿಡಿದಳು. ಎರಡು ಸಂಸಾರಗಳೂ ಅನ್ಯೋನ್ಯವಾಗಿದ್ದವು. ವಿಸೋಕಾ ಎಂಬ ಹಳ್ಳಿಯಲ್ಲಿ ಕೌಂಟನ ಜಮೀನು; ಅಲ್ಲಿಯೇ ದ್ವೊರ್ಜಾಕರೂ ಒಂದು ಮನೆ ಮಾಡಿಕೊಂಡು ಬೇಸಿಗೆಯೆಲ್ಲ ಪಾರಿವಾಳ ಸಾಕುತ್ತ ಸಂಗೀತ ಬರೆಯುತ್ತಿದ್ದರು. ಹಳೆಯ ಒಲವು ಉಳಿದಿತ್ತೇ ಇಲ್ಲವೇ ಎಂದು ಪುಸ್ತಕ ಬರೆಯುವವರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಮೂವತ್ತು ವರುಷ ಹತ್ತಿರದವಳಾಗಿ ಬಾಳಿದವಳು ಎಂದರೆ ನಮಗೆ ಸಾಕು.

೧೮೯೪ರ ಆ ಚಳಿಗಾಲದಲ್ಲಿ ದ್ವೊರ್ಜಾಕ್ ದಂಪತಿಗಳ ಜೊತೆ ನ್ಯೂಯಾರ್ಕಿನಲ್ಲಿದ್ದುದು ಒಬ್ಬನೇ ಮಗ, ಒಂಬತ್ತು ವರುಷದ ಒತಾಕರ್. ಉಳಿದ ಐದು ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದಿದ್ದರು. ಆಗ ಬಂತು ಕಾಗದ: ಯೊಸೆಫೀನಾಳಿಗೆ ಕಾಯಿಲೆ ಜೋರಾಗಿದೆ. ಹಡಗಿನಲ್ಲಿ ಬರುವ ಕಾಗದವೆಂದರೆ, ಓದುವ ಹೊತ್ತಿಗೆ ರೋಗಿ ಹೇಗಿದ್ದಾರೆಂದು ದೇವರಿಗೇ ಗೊತ್ತು. ದ್ವೊರ್ಜಾಕರು ಆಗ ಕಾನ್ಸೆರ್ಟೊದ ನಡುವಿನ ನಿಧಾನದ ಭಾಗದಲ್ಲಿದ್ದರು. ಕೆಲವು ವರುಷದ ಹಿಂದೆ ತಾವೇ ಬರೆದ ಒಂದು ಹಾಡು ಆಕೆಗೆ ಬಹಳ ಮೆಚ್ಚಿನದು. ನನ್ನನ್ನು ಒಂಟಿಯಾಗಿ ಬಿಡಿ ಎಂಬ ಅರ್ಥದ ಹೆಸರು ಅದಕ್ಕೆ. ಅದರ ಧಾಟಿಯನ್ನು ತಂದು ಆ ಭಾಗದ ನಡುವೆ ಇಟ್ಟರು.

ಅದು ಬರುವ ರೀತಿಯನ್ನು ಹೇಳಬೇಕು. ನಿಧಾನದ ಭಾಗ ಶಾಂತವಾಗಿ ಶುರುವಾಗುತ್ತದೆ. ಸಂಜೆಯ ಹೊತ್ತು ಹಳ್ಳಿಯ ಹೊರಗೆ ನಿಂತಂತೆ. ಏನೂ ಆಗುವಂತಿಲ್ಲ ಎಂದುಕೊಳ್ಳುತ್ತಿರುವಾಗಲೇ ವಾದ್ಯವೃಂದ ಹಠಾತ್ತನೆ ಸಿಡಿಯಿತು. ನಮ್ಮ ಮನೆಯವರು ಬೆಚ್ಚಿ ನಮ್ಮ ಕೈ ಹಿಡಿದರು. ಆ ಸದ್ದು ತಣಿದೊಡನೆ ಚೆಲೊ ಒಂದೇ ಆ ಹಾಡನ್ನು ಎತ್ತಿಕೊಂಡಿತು. ಯಾರ ಹಾಡು, ಏಕೆ ಬಂತು ಎಂಬುದೊಂದೂ ಆಗ ನಮಗೆ ತಿಳಿಯದು. ಪುಸ್ತಿಕೆಯನ್ನು ಓದಿದ್ದು ವಿರಾಮದಲ್ಲಿ. ಪುಸ್ತಕ ತಂದದ್ದು ಆ ಮೇಲಿನ ವಾರ. ಆದರೂ ಯಾರೋ ಕಾಗದ ಓದಿ ಮಡಿಸಿಟ್ಟು, ಏನೂ ಹೇಳದೆ ಕಿಟಕಿಯ ಬಳಿಗೆ ಹೋಗಿ ನಿಂತಂತೆ ನಮಗೆ ಕಂಡಿತು.

೧೮೯೫ರ ಫೆಬ್ರವರಿ ೯ರಂದು, ಒತಾಕರನ ಹತ್ತನೆಯ ಹುಟ್ಟುಹಬ್ಬದ ದಿನ, ಕೃತಿ ಮುಗಿಯಿತು. ಏಪ್ರಿಲಿನಲ್ಲಿ ನ್ಯೂಯಾರ್ಕ್ ಬಿಟ್ಟರು. ಮತ್ತೆ ಆ ಕಡೆ ಹೋಗಲಿಲ್ಲ. ಊರು ಸೇರಿ ಸುಮಾರು ಒಂದು ತಿಂಗಳಿಗೆ, ಮೇ ೨೭ರಂದು, ಯೊಸೆಫೀನಾ ತೀರಿಕೊಂಡಳು.

ಆಗ ದ್ವೊರ್ಜಾಕರು ಮುಗಿದ ಕೃತಿಯನ್ನು ಮತ್ತೆ ಬಿಚ್ಚಿದರು. ಮೂರನೆಯ ಭಾಗ ಮೊದಲು ಚುರುಕಾಗಿ, ಊರಿಗೆ ಹೊರಟವನ ಹೆಜ್ಜೆಯಂತೆ ನಡೆದು ಹಾಗೆಯೇ ಮುಗಿಯುತ್ತಿತ್ತು. ಕೊನೆಯ ನಾಲ್ಕಾರು ಆವರ್ತಗಳನ್ನು ಕಿತ್ತು, ಆ ಜಾಗದಲ್ಲಿ ಸುಮಾರು ೬೦ ಆವರ್ತಗಳಷ್ಟು ಹೊಸದನ್ನು ಬರೆದರು. ಜೂನ್ ೧೧ಕ್ಕೆ ಅದೂ ಮುಗಿಯಿತು. ಹಸ್ತಪ್ರತಿಯ ಕೊನೆಗೆ, ನ್ಯೂಯಾರ್ಕಿನಲ್ಲಿ ಮುಗಿಸಿದ್ದೆ, ಊರಿಗೆ ಬಂದ ಮೇಲೆ ಕೊನೆಯನ್ನು ಪೂರ್ತಿ ಬದಲಾಯಿಸಿದೆ ಎಂಬರ್ಥದ ಒಂದು ಷರಾ ಬರೆದು, ಸ್ಥಳವನ್ನೂ ತಾರೀಖನ್ನೂ ಹಾಕಿದ್ದಾರೆ. ಕಾರಣ ಮಾತ್ರ ಬರೆದಿಲ್ಲ. ಕಾರಣ ಬರೆಯದ ಷರಾವನ್ನು ನಮ್ಮ ಕಛೇರಿಯಲ್ಲಾದರೆ ಹಿಂದಕ್ಕೆ ಕಳಿಸುತ್ತಿದ್ದರು.

ಇನ್ನು ವಿಹಾನರ ತಕರಾರು. ಕೃತಿ ಅವರಿಗೇ ಅರ್ಪಿತ, ಮೊದಲು ನುಡಿಸಬೇಕಾದವರೂ ಅವರೇ. ಚೆಲೊದ ಭಾಗವನ್ನು ನೋಡಿ ಹಲವು ಕಡೆ ತಿದ್ದುಪಡಿ ಸೂಚಿಸಿದರು. ಕೆಲವನ್ನು ದ್ವೊರ್ಜಾಕರು ಒಪ್ಪಿದರು. ಆದರೆ ವಿಹಾನರು ಮೂರನೆಯ ಭಾಗದ ಕೊನೆಗೆ ಒಂದು ಕಡೆನ್ಸಾವನ್ನೂ ಬರೆದು ತಂದಿದ್ದರು. ಕಡೆನ್ಸಾ ಎಂದರೆ ಹೆಚ್ಚು ಕಡಿಮೆ ನಮ್ಮ ದಕ್ಷಿಣಾದಿಯವರ ತನಿ ಆವರ್ತನವಿದ್ದಂತೆ: ಉಳಿದವರೆಲ್ಲ ಕೈಕಟ್ಟಿ ಕೂಡುತ್ತಾರೆ, ಏಕವಾದಕರು ತಮ್ಮ ಬೆರಳಿನ ಕೈಚಳಕವನ್ನೆಲ್ಲ ತೋರಿಸುತ್ತಾರೆ, ಸಭೆ ಬಾಯಿ ಬಿಟ್ಟುಕೊಂಡು ನೋಡುತ್ತದೆ. ಕಾನ್ಸೆರ್ಟೊ ಎಂದ ಮೇಲೆ ಅದಿರುವುದು ವಾಡಿಕೆ. ವಿಹಾನರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ದ್ವೊರ್ಜಾಕರು ಬಡಪೆಟ್ಟಿಗೆ ಒಪ್ಪಲಿಲ್ಲ. ಬರ್ಲಿನಿನ ಪ್ರಕಾಶಕ ಸಿಮ್ರಾಕರಿಗೆ ಅಕ್ಟೋಬರಿನಲ್ಲಿ ಕಾಗದ ಬರೆದರು. ತನ್ನ ಒಪ್ಪಿಗೆಯಿಲ್ಲದೆ ಯಾರೂ, ಗೆಳೆಯ ವಿಹಾನರೂ ಕೂಡ, ಒಂದು ಬದಲಾವಣೆಯನ್ನೂ ಮಾಡಕೂಡದು. ಹಾಗೆಂದು ಮಾತು ಕೊಟ್ಟರೆ ಮಾತ್ರ ಕೃತಿಯನ್ನು ಕೊಡುವುದು. ಕೊನೆಗೆ ಕಡೆನ್ಸಾ ಇಲ್ಲವೇ ಇಲ್ಲ. ಮುಕ್ತಾಯವು ಉಸಿರು ಇಳಿಯುವ ಹಾಗೆ ಮೆಲ್ಲಮೆಲ್ಲನೆ ತಗ್ಗಬೇಕು, ಮೊದಲೆರಡು ಭಾಗಗಳ ನೆನಪು ಅಲ್ಲಿ ಬಂದುಹೋಗಬೇಕು, ಆಮೇಲೆಯೇ ವಾದ್ಯವೃಂದ ಏರಿ ಮುಗಿಸಬೇಕು. ಇದು ಆ ಕಾಗದದ ಸಾರ. ತಾನು ಶಬ್ದಕ್ಕೆ ಶಬ್ದ ಬರೆದದ್ದು ಹಾಗೆಯೇ ನಿಲ್ಲಬೇಕೆಂದು ಮೇಲಿನವರಿಗೆ ಬರೆಯುವ ಭಾಗ್ಯ ನಮ್ಮಂಥವರಿಗಿಲ್ಲ. ನಮ್ಮ ಕರಡನ್ನು ಮೂರು ಮೇಜುಗಳವರು ತಿದ್ದುತ್ತಾರೆ. ಅದಕ್ಕೇ ಇರಬೇಕು, ಈ ಕಾಗದದ ಸಂಗತಿಯನ್ನು ನಾವು ಎರಡು ಸಲ ಓದಿದೆವು.

ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿಯವರು ಗೊತ್ತುಮಾಡಿದ ದಿನ ವಿಹಾನರಿಗೆ ಹೊಂದಲಿಲ್ಲ. ಹೀಗಾಗಿ ೧೮೯೬ರ ಮಾರ್ಚ್ ೧೯ರಂದು ಕ್ವೀನ್ಸ್ ಹಾಲಿನಲ್ಲಿ ಇದನ್ನು ಮೊದಲು ನುಡಿಸಿದವರು ಲಿಯೊ ಸ್ಟರ್ನ್, ನಿರ್ದೇಶಿಸಿದವರು ದ್ವೊರ್ಜಾಕರೇ. ವಿಹಾನರೊಡನೆ ಸ್ನೇಹ ಕೆಡಲಿಲ್ಲ. ಅವರೂ ೧೮೯೯ರಲ್ಲಿ ಇದನ್ನು ನುಡಿಸಿದರು, ತನಿ ಇಲ್ಲದೆಯೇ.

ನಾವು ಕೂತಿದ್ದಲ್ಲಿಗೆ ಮರಳೋಣ. ಮೂರನೆಯ ಭಾಗದಲ್ಲಿ ಒಬ್ಬರು ತ್ರಿಕೋಣದ ಕಂಬಿಯೊಂದನ್ನು ಕಿಣಿಕಿಣಿ ಬಾರಿಸುತ್ತಿದ್ದರು, ಮೆರವಣಿಗೆಯಂತಿತ್ತು. ಇನ್ನೇನು ಮುಗಿಯಿತು ಎಂದು ನಮ್ಮ ಮುಂದಿನ ಸಾಲಿನವರೊಬ್ಬರು ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ಮುಗಿಯಲಿಲ್ಲ. ಮೆರವಣಿಗೆ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ದನಿ ಇಳಿಸಿದರು. ಆ ಹಾಡು ಮತ್ತೆ ಬಂತು. ಆದರೆ ಈ ಸಲ ಅದನ್ನು ಎತ್ತಿದ್ದು ಚೆಲೊ ಅಲ್ಲ, ವಾದ್ಯವೃಂದದ ಮುಂದಿನ ಕುರ್ಚಿಯ ಪಿಟೀಲು, ಒಂದೇ ಒಂದು, ಮೇಲಿನ ಸ್ಥಾಯಿಯಲ್ಲಿ. ಚೆಲೊ ಕೆಳಗೆ ಅದರ ಪಕ್ಕದಲ್ಲಿ ನಡೆಯುತ್ತಿತ್ತು. ಕ್ಲಾರಿಯೊನೆಟ್ಟು ಮೊದಲ ಭಾಗದ ಚಿಂತೆಯ ಮಾತನ್ನು ನೆನಪಿಸಿತು. ಕೈಚಳಕ ತೋರಿಸಬೇಕಾದ ಜಾಗದಲ್ಲಿ ಆ ತರುಣ ಒಂದೊಂದೇ ಸ್ವರವನ್ನು ಉದ್ದಕ್ಕೆ ಎಳೆಯುತ್ತ, ಕೇಳಿಸುತ್ತದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ ನುಡಿಸಿದರು. ಸಾವಿರ ಜನರ ಸಭೆಯಲ್ಲಿ ಒಂದು ಕೆಮ್ಮಿಲ್ಲ.

ನಮಗೆ ಆಗ ನಮ್ಮ ಸೋದರತ್ತೆಯ ನೆನಪಾಯಿತು. ತಾಯಿಯಿಲ್ಲದ ನಮ್ಮನ್ನು ಬೆಳೆಸಿದವರು ಅವರು. ಮೂರು ವರುಷದ ಹಿಂದೆ ಮಾರ್ಚ್ ತಿಂಗಳ ಕೊನೆಗೆ, ಧಾರವಾಡದಿಂದ ಅವರಿಗೆ ಹುಷಾರಿಲ್ಲವೆಂದು ಫೋನು ಬಂತು. ವರ್ಷಾಂತ್ಯದ ಲೆಕ್ಕ ಮುಗಿಯದೆ ರಜೆಯಿಲ್ಲ. ನಾವು ಹೆಚ್ಚು ಒತ್ತಾಯಿಸಿ ಕೇಳಲೂ ಇಲ್ಲ. ನಾಲ್ಕು ದಿನ ತಾನೇ ಎಂದುಕೊಂಡೆವು. ಏಪ್ರಿಲ್ ಎರಡರಂದು ಗಾಡಿ ಇಳಿದಾಗ ಅಣ್ಣ ನಿ���್ದಾಣಕ್ಕೆ ಬಂದಿದ್ದರು. ಅವರು ಬರುವವರಲ್ಲ, ನೋಡಿದೊಡನೆ ತಿಳಿಯಿತು. ಅತ್ತೆ ಶಾವಿಗೆ ಹೊಸೆಯುವಾಗ ಒಂದು ಹಾಡು ಗುಣುಗುತ್ತಿದ್ದರು. ಅದರ ಮಾತುಗಳು ನಮಗೆ ಒಂದೂ ನೆನಪಿಲ್ಲ. ಧಾಟಿಯಿದೆ. ಆ ರಂಗಮಂದಿರದ ಮೆತ್ತನೆಯ ಕುರ್ಚಿಯಲ್ಲಿ ಕೂತು, ಯಾರೋ ಚೆಕ್ ದೇಶದವರ ಹಾಡು ಕೇಳುತ್ತ, ನಮಗೆ ಅದು ಬಂತು.

ಅಷ್ಟರಲ್ಲಿ ಚೆಲೊ ತನ್ನ ಕೊನೆಯ ಸ್ವರವನ್ನು ಹಿಡಿದು ಮೇಲಕ್ಕೆ ಊದಿಕೊಂಡಿತು. ವಾದ್ಯವೃಂದವೆಲ್ಲ ಒಮ್ಮೆಲೆ ಎದ್ದು ನಾಲ್ಕು ಹೆಜ್ಜೆಯಲ್ಲಿ ಮುಗಿಸಿಬಿಟ್ಟಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾರ್ಸಿ ಅಜ್ಜ ಕೂತೇ ಇದ್ದರು.

ವಿರಾಮದಲ್ಲಿ ಅವರು ಒಂದು ಸಂಗತಿ ಹೇಳಿದರು; ಆಮೇಲೆ ಪುಸ್ತಕದಲ್ಲಿಯೂ ಅದನ್ನು ಓದಿದೆವು. ೧೯೬೮ರ ಆಗಸ್ಟ್ ೨೧ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸೋವಿಯೆತ್ ದೇಶದ ಸರ್ಕಾರಿ ವಾದ್ಯವೃಂದದ ಕಚೇರಿ. ಏಕವಾದಕರು ರಾಸ್ಟ್ರೊಪೊವಿಚ್, ಕೃತಿ ಮೊದಲೇ ಗೊತ್ತಾಗಿದ್ದ ಇದೇ ಕಾನ್ಸೆರ್ಟೊ. ಹಿಂದಿನ ರಾತ್ರಿಯೇ ಸೋವಿಯೆತ್ ಟ್ಯಾಂಕುಗಳು ಪ್ರಾಗ್ ನಗರಕ್ಕೆ ನುಗ್ಗಿದ್ದವು. ಸಭೆಯಲ್ಲಿ ಕೂಗಾಟ. ಕೂಗುವವರದೂ ತಪ್ಪಲ್ಲ. ಆತ ಕಣ್ಣೀರು ಸುರಿಸುತ್ತ ನುಡಿಸಿದರಂತೆ. ಮುಗಿದ ಮೇಲೆ ದ್ವೊರ್ಜಾಕರ ಸ್ವರಪುಸ್ತಕವನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ಹಿಡಿದರಂತೆ. ಕೂಗಾಟದಲ್ಲಿ ಆರಂಭವಾದ ಸಭೆ ಆ ಮೆಲ್ಲನೆಯ ಕೊನೆಯನ್ನು ಹೇಗೆ ಕೇಳಿತೋ, ನಮಗೆ ಊಹಿಸಲೂ ಆಗದು.

ವಿರಾಮದ ಮೇಲೆ ಬ್ರಾಹ್ಮ್ಸರ ನಾಲ್ಕನೆಯ ಸಿಂಫನಿ. ಈ ಬ್ರಾಹ್ಮ್ಸರೇ ದ್ವೊರ್ಜಾಕರನ್ನು ಸಿಮ್ರಾಕರಿಗೆ ಪರಿಚಯ ಮಾಡಿಸಿದವರು. ಗೆಳೆಯ ಅಮೆರಿಕದಲ್ಲಿದ್ದಾಗ ಅವರ ಕೃತಿಗಳ ಅಚ್ಚಿನ ಕರಡನ್ನು ತಾವೇ ತಿದ್ದಿಕೊಟ್ಟವರು; ಅಷ್ಟು ದೊಡ್ಡವರು ಇನ್ನೊಬ್ಬರ ಕರಡು ತಿದ್ದುವುದೆಂದರೆ! ಚೆಲೊಗೆ ಇಂಥದೊಂದನ್ನು ಬರೆಯಬಹುದೆಂದು ತಿಳಿದಿದ್ದರೆ ತಾನೂ ಎಂದೋ ಬರೆಯುತ್ತಿದ್ದೆ ಎಂದು ಆ ಮಹಾಶಯರು ಹೇಳಿದರೆಂದು ಪ್ರತೀತಿ. ಸಿಂಫನಿ ಬಹಳ ಘನವಾದದ್ದು. ನಾವು ಸರಿಯಾಗಿ ಕೇಳಲಿಲ್ಲ, ತಪ್ಪು ನಮ್ಮದು.

ನಮ್ಮ ಕನ್ನಡಿಗರಿಗೂ ಈ ಸಂಗೀತಕ್ಕೂ ಏನು ಸಂಬಂಧವೆಂದು ಕೇಳುವ ವಾಚಕರಿಗೆ ಒಂದು ಮಾತು. ಇದೇ ರಮ್ಯ ಸಂಪ್ರದಾಯದ ಕೊನೆಯ ದೊಡ್ಡವರಲ್ಲೊಬ್ಬರಾದ ರಿಚರ್ಡ್ ಸ್ಟ್ರಾಸರ ಕಡೆಯ ನಾಲ್ಕು ಹಾಡುಗಳು ೧೯೫೦ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಮೈಸೂರಿನ ಜಯಚಾಮರಾಜ ಒಡೆಯರು ಹಣದ ಹೊಣೆ ಹೊತ್ತದ್ದರಿಂದ. ಮಹಾರಾಜರು ಕೊಟ್ಟರು, ಗುಮಾಸ್ತರು ಪುಕ್ಕಟೆ ಟಿಕೇಟಿನಲ್ಲಿ ಕೇಳಿದರು.

ಕೊನೆಯ ಲೋಕಲಿಗೆ ಮುಂಚಿನ ಲೋಕಲಿನಲ್ಲಿ ಕೂಡಲು ಜಾಗ ಸಿಕ್ಕಿತು. ಪುಸ್ತಿಕೆಯಲ್ಲಿದ್ದ ಯೊಸೆಫೀನಾಳ ಕಥೆಯನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆವು. ಅವರು ಘಾಟ್ಕೋಪರ್ ಬರುವವರೆಗೂ ಏನೂ ಮಾತಾಡಲಿಲ್ಲ.

"ಎಲ್ಲಾರೂ ಆತನ ದುಃಖನ ಹೇಳ್ತಾರಲ್ರೀ" ಎಂದರು ಆಮೇಲೆ. "ಆ ಆನ್ನಾ? ಸತ್ತಾಕಿ ಆಕೀ ಒಡಹುಟ್ಟಿದ ಅಕ್ಕ. ಆಕೀನೂ ಅಲ್ಲೇ ನ್ಯೂಯಾರ್ಕಿನಾಗ ಆ ಕಾಗದ ಓದಿರಬೇಕಲ್ಲ. ಆ ಕೊನೀಗೆ ಪಿಟೀಲು ಒಂದ ಮ್ಯಾಲೆ ಹಾಡ್ತು ನೋಡ್ರಿ, ಅದು ಆಕೀದು ಯಾಕಾಗಿರಬಾರದು?"

ಪುಸ್ತಕಗಳಲ್ಲಿ ಎಲ್ಲಿಯೂ ಹೀಗೆ ಬರೆದಿಲ್ಲ. ಠಾಣೆ ದಾಟಿತು. ಅವರು ಕಿಟಕಿಯ ಕಡೆ ತಿರುಗಿ ಏನನ್ನೋ ಗುಣುಗುತ್ತಿದ್ದರು. ಗಾಡಿಯ ಸದ್ದಿನಲ್ಲಿ ನಮಗೆ ಅದು ಸರಿಯಾಗಿ ಕೇಳಿಸಲಿಲ್ಲ.

ಬೆಕ್ಕಿನ ಪುರಾಣ ಮುಂದಿನ ಸಂಚಿಕೆಗೆ.